ಪಾದಚಾರಿ ಮಾರ್ಗದ ಬದುಕು ಮತ್ತು ನಗರಪಾಲಿಕೆಯ ಕಾನೂನು: ಓಲ್ಗಾ ಟೆಲ್ಲಿಸ್ ಪ್ರಕರಣದ ಮರುಓದು

ನ್ಯಾಯಾಲಯದ ತೀರ್ಪುಗಳನ್ನು ಕಾನೂನಿನ ಆಕರಗಳೆಂದು ಓದುವುದು ರೂಢಿ. ಬರವಣಿಗೆಯ ಲೋಕದಿಂದ ಹೊರಗುಳಿದ ಜನಸಮುದಾಯಗಳ ಚರಿತ್ರೆಗೂ ಅವು ಆಕರಗಳಾಗಬಲ್ಲವು. ಓಲ್ಗಾ ಟೆಲ್ಲಿಸ್ ಮತ್ತು ಮುಂಬಯಿ ನಗರಪಾಲಿಕೆಯ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರ ಜುಲೈ 10ರಂದು ನೀಡಿದ ತೀರ್ಪು ಇದಕ್ಕೆ ನಿದರ್ಶನ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆ ಎಂಬ ಅದರ ತತ್ತ್ವವನ್ನು ಕಾನೂನು ವ್ಯಾಖ್ಯಾನಗಳು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಆ ತತ್ತ್ವಕ್ಕೆ ಕಾರಣರಾದವರಿಗೆ ದಕ್ಕಿದ್ದೇನು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ.

1981ರ ಜುಲೈ 13ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಳೆಯವರು, ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರನ್ನು ತೆರವುಗೊಳಿಸಿ ಅವರವರ ಮೂಲ ಊರುಗಳಿಗೆ ಕಳುಹಿಸಲಾಗುವುದೆಂದು ಪ್ರಕಟಿಸಿದರು. ಆಗ ಮಳೆಗಾಲ. ಒಬ್ಬ ಪತ್ರಕರ್ತೆ ಹಾಗೂ ಇಬ್ಬರು ಪಾದಚಾರಿ ಮಾರ್ಗವಾಸಿಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯದ ಮೊರೆಹೊಕ್ಕರು.

ಆ ಇಬ್ಬರ ಬದುಕಿನ ವಿವರಗಳು ತೀರ್ಪಿನಲ್ಲಿಯೇ ದಾಖಲಾಗಿವೆ. ಒಬ್ಬರು ಸೇಲಂನ ಭೂರಹಿತ ಕೂಲಿಕಾರರು. ಬರದಿಂದ ಕೆಲಸ ಕಳೆದುಕೊಂಡು 1961ರಲ್ಲಿ ಮುಂಬಯಿಗೆ ಬಂದವರು. ದಹಿಸರ್‌ನ ರಾಸಾಯನಿಕ ಕಂಪನಿಯಲ್ಲಿ ಅವರ ದಿನಗೂಲಿ 23 ರೂಪಾಯಿ. ಹೆದ್ದಾರಿಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಆಸರೆಗಾಗಿ ಕೊಳೆಗೇರಿಯ ದಣಿಯೊಬ್ಬನು ಅವರಿಂದ 2,500 ರೂಪಾಯಿ ವಸೂಲು ಮಾಡಿದ್ದನು. ಇನ್ನೊಬ್ಬರು ಅಂದಿನ ಅಹಮದ್‌ನಗರ ಜಿಲ್ಲೆಯ ಸಂಗಮನೇರಿನ, ಪಾದರಕ್ಷೆ ಹೊಲಿಯುವ ಕಸುಬಿನವರು. ಊರಿನ ಮನೆ ಕುಸಿದು 1969ರಲ್ಲಿ ಬಂದವರು. ತುಳಸಿವಾಡಿಯಲ್ಲಿ ಜಾಗಕ್ಕಾಗಿ ಗೂಂಡಾನಿಗೆ 300 ರೂಪಾಯಿ, ಬಿದಿರು ಮತ್ತು ಪ್ಲಾಸ್ಟಿಕ್ಕಿಗೆ 700 ರೂಪಾಯಿ ತೆತ್ತಿದ್ದರು. ಕಾನೂನು ಅತಿಕ್ರಮಣವೆಂದು ಕರೆಯುವ ನೆಲಕ್ಕೂ ಇವರು ಬೆಲೆ ತೆತ್ತಿದ್ದರೆಂಬುದು ಗಮನಾರ್ಹ. ಜುಲೈ 23ರಂದು ಮೊದಲನೆಯವರ ಗುಡಿಸಲನ್ನು ಕೆಡವಿ ಕುಟುಂಬವನ್ನು ಸೇಲಂ ಬಸ್ಸಿಗೆ ಹತ್ತಿಸಲಾಯಿತು. ಹೆಂಡತಿ, ಹೆಣ್ಣುಮಕ್ಕಳು ಅಲ್ಲಿ ಉಳಿದರು; ಅವರು ಕೆಲಸ ಅರಸಿ ಮರಳಿ ಬಂದು ಮತ್ತೆ ಪಾದಚಾರಿ ಮಾರ್ಗವನ್ನೇ ಸೇರಿದರು. ಬರ, ಬಿದ್ದ ಮನೆ, ಪರಸ್ಥಳದ ದುಡಿಮೆ, ಒಡೆದ ಸಂಸಾರ: ಜನಪದದಲ್ಲಿ ಹಾಡಾಗಿಯೋ ಕಥೆಯಾಗಿಯೋ ಉಳಿಯಬಹುದಾಗಿದ್ದ ಅನುಭವವಿಲ್ಲಿ ಅರ್ಜಿಯ ಭಾಷೆಯಲ್ಲಿ ಉಳಿದಿದೆ.

ನಗರಪಾಲಿಕೆಯ ಬಲವಿದ್ದುದು 1888ರ ಕಾಯಿದೆಯ 314ನೆಯ ಕಲಮಿನಲ್ಲಿ. ಬೀದಿಯ ಅತಿಕ್ರಮಣವನ್ನು ಪೂರ್ವಸೂಚನೆಯಿಲ್ಲದೆ ತೆಗೆಸುವ ಅಧಿಕಾರವನ್ನು ಅದು ಆಯುಕ್ತರಿಗೆ ನೀಡಿತ್ತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ನೇತೃತ್ವದ ಐವರ ಪೀಠವು ಈ ಕಲಮನ್ನು ರದ್ದುಗೊಳಿಸಲಿಲ್ಲ; ಅದನ್ನು ಬೇರೆ ಬಗೆಯಲ್ಲಿ ಓದಿತು. ಸೂಚನೆಯಿಲ್ಲದೆ ತೆರವುಗೊಳಿಸಬಹುದು ಎಂದರೆ ಹಾಗೆಯೇ ಮಾಡತಕ್ಕದ್ದು ಎಂದರ್ಥವಲ್ಲ. ಸಾಮಾನ್ಯವಾಗಿ ಬಾಧಿತರ ಅಹವಾಲು ಕೇಳಲೇಬೇಕು ಎಂದು ಪೀಠ ಹೇಳಿತು. ಪಾದಚಾರಿ ಮಾರ್ಗದ ವಾಸವು ಆಯ್ಕೆಯಲ್ಲ, ಅನಿವಾರ್ಯತೆಯ ಫಲವೆಂಬುದನ್ನೂ ಗುರುತಿಸಿತು.

ಆದರೆ ಫಲಿತಾಂಶ ಬೇರೆಯಾಗಿತ್ತು. ತನ್ನೆದುರು ನಡೆದ ವಾದವೇ ಅಹವಾಲಿನ ಅವಕಾಶವನ್ನು ಒದಗಿಸಿದೆಯೆಂದು ಭಾವಿಸಿದ ನ್ಯಾಯಾಲಯವು ಆಯುಕ್ತರಿಂದ ಮತ್ತೆ ವಿಚಾರಣೆ ಅಗತ್ಯವಿಲ್ಲವೆಂದಿತು. 1985ರ ಅಕ್ಟೋಬರ್ 31ರವರೆಗೆ, ಅಂದರೆ ಮಳೆಗಾಲ ಕಳೆಯುವವರೆಗೆ, ತೆರವು ಕೂಡದೆಂದು ಆದೇಶಿಸಿತು. 1976ರ ಗಣತಿಗೆ ಒಳಪಟ್ಟವರಿಗೆ ಮಾಳವಣಿಯಲ್ಲಿ ಅಥವಾ ಅನ್ಯತ್ರ ಬದಲಿ ಜಾಗ ಕೊಡಬೇಕೆಂದಿತಾದರೂ ಅದು ತೆರವಿನ ಪೂರ್ವಷರತ್ತಲ್ಲ ಎಂದು ಸೇರಿಸಿತು. ಹೀಗೆ ಬದುಕಿನ ಹಕ್ಕು ಸಿದ್ಧಾಂತದಲ್ಲಿ ವಿಸ್ತಾರಗೊಂಡಿತು. ಅದನ್ನು ಕೇಳಿ ಬಂದವರಿಗೆ ಉಳಿದದ್ದು ಕೆಲವು ತಿಂಗಳ ಕಾಲಾವಕಾಶ.

ಈ ಬಿರುಕು ಮುಂದಿನ ನಿರ್ಣಯಗಳಲ್ಲಿಯೂ ಕಾಣಿಸುತ್ತದೆ. 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಬೀದಿವ್ಯಾಪಾರವು ವೃತ್ತಿಸ್ವಾತಂತ್ರ್ಯದ ಭಾಗವೆಂದು ಮಾನ್ಯವಾಯಿತು. ಆದರೆ ನಿರ್ದಿಷ್ಟ ಜಾಗದ ಮೇಲೆ ಹಕ್ಕು ಸಿಗಲಿಲ್ಲ. 2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಪ್ರತ್ಯೇಕ ಕಾಯಿದೆ ಬಂದಿತು. 2024ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಕಟ್ಟಡ ಕೆಡಹುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯಗೊಳಿಸಿತು. ಆದರೆ ರಸ್ತೆ, ಬೀದಿ, ಪಾದಚಾರಿ ಮಾರ್ಗ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿನ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲವೆಂದಿತು.

1985ರಲ್ಲಿ ಅಹವಾಲಿನ ಹಕ್ಕಿಗೆ ನೆಲೆಯೊದಗಿಸಿದವರು ವಾಸವಾಗಿದ್ದ ಸ್ಥಳವೇ 2024ರ ರಕ್ಷಣೆಯ ಹೊರಗೆ ಉಳಿದಿದೆ. ತತ್ತ್ವವನ್ನು ಉದ್ಧರಿಸುವ ವ್ಯಾಖ್ಯಾನವು ತೀರ್ಪಿನ ಮೊದಲ ಪುಟಗಳ ಆ ಇಬ್ಬರನ್ನೂ ಜೊತೆಗಿಟ್ಟುಕೊಂಡಾಗ ಮಾತ್ರ ನಗರಾಡಳಿತದ ಕಾನೂನು ಚರಿತ್ರೆ ಪೂರ್ಣವಾಗುತ್ತದೆ.