ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ವೈದ್ಯಕೀಯ ಸೇವೆ ಬೆಳೆದುಬಂದ ಬಗೆ

ಪೀಠಿಕೆ

ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯ ಪ್ರದೇಶಗಳಲ್ಲ. ಕೆ.ಆರ್.ನಗರವು ಕಾವೇರಿ ನಾಲೆಗಳ ಭತ್ತದ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾಗಿವೆ. ಎಚ್.ಡಿ.ಕೋಟೆ ಕಬಿನಿ ಕಣಿವೆಯ ಅರಣ್ಯದ ಅಂಚಿನಲ್ಲಿದೆ. ಮೈಸೂರು ನಗರದಿಂದ ಕೆ.ಆರ್.ನಗರವು ಸುಮಾರು 40 ಕಿ.ಮೀ., ಹುಣಸೂರು 45 ಕಿ.ಮೀ., ಎಚ್.ಡಿ.ಕೋಟೆ 50 ಕಿ.ಮೀ. ಹಾಗೂ ಪಿರಿಯಾಪಟ್ಟಣವು 70 ಕಿ.ಮೀ. ದೂರದಲ್ಲಿವೆ. ಇವುಗಳಲ್ಲಿ ರೈಲು ಸಂಪರ್ಕವಿರುವುದು ಕೆ.ಆರ್.ನಗರಕ್ಕೆ ಮಾತ್ರ. ರೋಗಿಗೂ ವೈದ್ಯರಿಗೂ ನಡುವಿನ ಈ ದೂರವು ಕಡಿಮೆಯಾಗುತ್ತಾ ಬಂದ ಕ್ರಮವೇ ಈ ಭಾಗದ ವೈದ್ಯಕೀಯ ಇತಿಹಾಸವಾಗಿದೆ.

ಸಂಸ್ಥಾನದ ಕಾಲ

ಆಧುನಿಕ ಆಸ್ಪತ್ರೆಗಳು ಬರುವ ಮುನ್ನ ಗ್ರಾಮಗಳಲ್ಲಿ ನಾಟಿ ವೈದ್ಯರು, ಪಂಡಿತರು, ಹಕೀಮರು ಹಾಗೂ ಸೂಲಗಿತ್ತಿಯರೇ ಜನರಿಗೆ ಆಧಾರವಾಗಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಔಷಧಾಲಯಗಳನ್ನು ತೆರೆಯುವ ಕಾರ್ಯ ವಿಸ್ತರಿಸಿತು. ಸಿಡುಬಿನ ವಿರುದ್ಧ ಊರೂರಿಗೆ ತೆರಳಿ ದೇವಿ ಹಾಕುವ ಸಿಬ್ಬಂದಿಯನ್ನೂ ನೇಮಿಸಲಾಯಿತು.

ಕಠಿಣ ಕಾಯಿಲೆಗಳಿಗೆ ಮಾತ್ರ ಮೈಸೂರು ನಗರವನ್ನೇ ಅವಲಂಬಿಸಬೇಕಿತ್ತು. ಅಲ್ಲಿ 1906ರಲ್ಲಿ ಮಿಷನ್ ಆಸ್ಪತ್ರೆಯೂ, 1921ರಲ್ಲಿ ಕ್ಷಯರೋಗಿಗಳಿಗಾಗಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆರೋಗ್ಯಧಾಮವೂ ಆರಂಭವಾದವು. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜನ್ನು 1930ರಲ್ಲಿ ಮೈಸೂರಿಗೆ ವರ್ಗಾಯಿಸಲಾಯಿತು. ಇದರೊಂದಿಗೆ ಕೃಷ್ಣರಾಜೇಂದ್ರ ಆಸ್ಪತ್ರೆಯು ಬೋಧನಾ ಆಸ್ಪತ್ರೆಯಾಗಿ ಬೆಳೆದು, ಸುತ್ತಲಿನ ತಾಲ್ಲೂಕುಗಳ ರೋಗಿಗಳಿಗೆ ಅಂತಿಮ ಆಶ್ರಯವಾಯಿತು. ಆದರೆ ಎತ್ತಿನ ಗಾಡಿಯಲ್ಲಿ ಹೊರಟ ಗರ್ಭಿಣಿಗೆ ಈ ಆಶ್ರಯ ಸಕಾಲದಲ್ಲಿ ದೊರೆಯುವುದು ಸುಲಭವಾಗಿರಲಿಲ್ಲ.

ಚಳಿಜ್ವರದ ಸಮಸ್ಯೆ

ಕಾಡಂಚಿನ ಗ್ರಾಮಗಳನ್ನು ಬಹುಕಾಲ ಕಾಡಿದ ರೋಗವೆಂದರೆ ಮಲೇರಿಯಾ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಮತ್ತು ನಿಯಂತ್ರಣ ಕಾರ್ಯವನ್ನು ಕೈಗೊಂಡಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದು, ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸುವ ಕ್ರಮ ಆರಂಭವಾಯಿತು. ರೋಗಿಯು ಆಸ್ಪತ್ರೆಗೆ ಬರುವುದನ್ನು ಕಾಯದೆ ಸಿಬ್ಬಂದಿಯೇ ಮನೆಬಾಗಿಲಿಗೆ ಹೋಗುವ ಪದ್ಧತಿಯನ್ನು ಇಂತಹ ಕಾರ್ಯಕ್ರಮಗಳು ಬಲಪಡಿಸಿದವು.

ಸ್ವಾತಂತ್ರ್ಯಾನಂತರದ ವ್ಯವಸ್ಥೆ

1946ರ ಭೋರ್ ಸಮಿತಿಯ ವರದಿಯನ್ನು ಆಧರಿಸಿ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ರೂಪುಗೊಂಡಿತು. ಬಯಲು ಪ್ರದೇಶದಲ್ಲಿ 30,000 ಜನಸಂಖ್ಯೆಗೆ ಹಾಗೂ ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಮುಂದೆ ನಿಗದಿಯಾದ ಮಾನದಂಡ. ಉಪಕೇಂದ್ರಗಳಿಗೆ ಈ ಸಂಖ್ಯೆ ಕ್ರಮವಾಗಿ 5,000 ಮತ್ತು 3,000. ಒಂದೇ ಜಿಲ್ಲೆಯಲ್ಲಿದ್ದರೂ ಕೆ.ಆರ್.ನಗರದ ಬಯಲಿಗೂ ಎಚ್.ಡಿ.ಕೋಟೆಯ ಹಾಡಿಗಳಿಗೂ ಒಂದೇ ಅಳತೆ ಸಲ್ಲದೆಂಬುದನ್ನು ಈ ವ್ಯತ್ಯಾಸವು ಸೂಚಿಸುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರಿಗೆ ವಸತಿ ಕಲ್ಪಿಸಲಾಯಿತು. ಅಲ್ಲಿ ಆಧುನಿಕ ಆಸ್ಪತ್ರೆಯ ಜೊತೆಗೆ ಟಿಬೆಟನ್ ಪದ್ಧತಿಯ ಚಿಕಿತ್ಸೆಯೂ ದೊರೆಯುವಂತಾಯಿತು. ಸೋವಾ ರಿಗ್ಪಾ ಎಂಬ ಈ ಪದ್ಧತಿಗೆ 2010ರಲ್ಲಿ ಭಾರತ ಸರ್ಕಾರದ ಶಾಸನಬದ್ಧ ಮಾನ್ಯತೆ ದೊರೆಯಿತು.

ಹಾಡಿಗಳಲ್ಲಿ ಆರೋಗ್ಯ ಸೇವೆ

ಜೇನುಕುರುಬ, ಕಾಡುಕುರುಬ, ಯರವ ಮುಂತಾದ ಬುಡಕಟ್ಟು ಕುಟುಂಬಗಳು ವಾಸಿಸುವ ಹಾಡಿಗಳಿಗೆ ವೈದ್ಯಕೀಯ ಸೇವೆ ಎಲ್ಲರಿಗಿಂತ ತಡವಾಗಿ ತಲುಪಿತು. ಕಬಿನಿ ಜಲಾಶಯದ ನಿರ್ಮಾಣ ಮತ್ತು ಅರಣ್ಯ ಸಂರಕ್ಷಣೆಯ ಕ್ರಮಗಳಿಂದ ಅನೇಕ ಕುಟುಂಬಗಳು ನೆಲೆ ಬದಲಿಸಬೇಕಾಯಿತು. ಇದರಿಂದ ಅವರ ಆಹಾರಕ್ರಮವೂ ಮೂಲಿಕೆಗಳ ಲಭ್ಯತೆಯೂ ವ್ಯತ್ಯಾಸಗೊಂಡವು.

ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಸಂಗಡಿಗರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಸ್ಥಾಪಿಸಿದರು. 1987ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಆರಂಭವಾದ ಈ ಸಂಸ್ಥೆಯ ಸಣ್ಣ ಚಿಕಿತ್ಸಾಲಯವು ಮುಂದೆ ಕೆಂಚನಹಳ್ಳಿ ಮತ್ತು ಸರಗೂರುಗಳ ಆಸ್ಪತ್ರೆಗಳಿಗೆ ದಾರಿ ಮಾಡಿತು. ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯ ಪತ್ತೆ ಮತ್ತು ಚಿಕಿತ್ಸೆಗಾಗಿ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಲಾಗಿದೆ.

ಇತ್ತೀಚಿನ ಸೌಲಭ್ಯಗಳು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ನಂತರ ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರು ಕಾರ್ಯೋನ್ಮುಖರಾದರು. ಗರ್ಭಿಣಿಯರ ನೋಂದಣಿಯಿಂದ ಹೆರಿಗೆಗೆ ಆಸ್ಪತ್ರೆಗೆ ಕರೆತರುವವರೆಗೆ ಅವರ ನೆರವು ಲಭ್ಯವಿರುತ್ತದೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಪ್ರಾರಂಭವಾಯಿತು. 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದಿತು. ಇದರನ್ವಯ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವು ನೀಡಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

1. ಸಾಮಾನ್ಯ ಕಾಯಿಲೆಗಳಿಗೆ ಮೊದಲು ಸಮೀಪದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೂ, ನಂತರ ಮೈಸೂರಿನ ಆಸ್ಪತ್ರೆಗಳಿಗೂ ಕಳುಹಿಸಲಾಗುತ್ತದೆ.

2. ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಸಂದರ್ಭಗಳಿಗೆ ವಿನಾಯಿತಿ ಇದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು.

3. ಹಾವು ಕಚ್ಚಿದಲ್ಲಿ ಮಂತ್ರ ಅಥವಾ ಮನೆಮದ್ದಿಗೆಂದು ಸಮಯ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆತರುವುದು. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡುವುದು ಕಡ್ಡಾಯ.

4. ಗರ್ಭಿಣಿಯರು ತಾಯಿ ಕಾರ್ಡನ್ನು ಪಡೆದು, ಹೆರಿಗೆಯ ದಿನ ಸಮೀಪಿಸುವ ಮುನ್ನವೇ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಹೋಗಬೇಕೆಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ನಿಶ್ಚಯಿಸಿಕೊಳ್ಳುವುದು. ಕಾಡಂಚಿನ ಗ್ರಾಮಗಳಲ್ಲಿ ರಾತ್ರಿ ವೇಳೆ ವಾಹನ ತಲುಪಲು ಸಮಯ ಹಿಡಿಯುವುದರಿಂದ ಈ ಪೂರ್ವಸಿದ್ಧತೆ ತಾಯಿ ಮತ್ತು ಮಗುವಿನ ಜೀವವನ್ನು ಉಳಿಸಬಲ್ಲದು.