ಸಾಲಾರ್ ಜಂಗ್ ಗಡಿಯಾರಕ್ಕೆ ಕೀಲಿ ಕೊಟ್ಟೋರು ಯಾರು?

ಹೈದರಾಬಾದಿಗೆ ಆಫೀಸ್ ಕೆಲಸದ ಮೇಲೆ ಹೋದವರು ಸಾಮಾನ್ಯವಾಗಿ ಮೂರು ಕೆಲಸ ಮಾಡ್ತಾರೆ. ಚಾರ್ಮಿನಾರ್ ಮುಂದೆ ಸೆಲ್ಫಿ, ಒಂದು ಪ್ಲೇಟ್ ಬಿರಿಯಾನಿ, ಟೈಮ್ ಉಳಿದರೆ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿ ಜನ ಗುಂಪು ಸೇರೋದು ಸಂಗೀತ ಗಡಿಯಾರದ ಮುಂದೆ. ಗಂಟೆ ಆಗೋಕೆ ಸ್ವಲ್ಪ ಮುಂಚೆ ಪುಟ್ಟ ಗಡ್ಡದ ಮನುಷ್ಯನೊಬ್ಬ ಹೊರಗೆ ಬರ್ತಾನೆ. ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆ ಬಾರಿಸಿ ಒಳಗೆ ಹೋಗ್ತಾನೆ. ಬಿಡಿಭಾಗಗಳು ಇಂಗ್ಲೆಂಡಿನವು, ಜೋಡಿಸಿದ್ದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿ. ಸುತ್ತಲಿನ ಕೋಣೆಗಳಲ್ಲಿ ಇಂಗ್ಲಿಷ್ ತೈಲಚಿತ್ರಗಳಿವೆ, ವೆಜ್‌ವುಡ್ ಪಿಂಗಾಣಿ ಇದೆ. ಒಟ್ಟು 40 ಸಾವಿರಕ್ಕೂ ಹೆಚ್ಚು ವಸ್ತುಗಳು. "ಒಬ್ಬನೇ ಮನುಷ್ಯ ಇಷ್ಟೆಲ್ಲ ಕೂಡಿಹಾಕಿದನಂತೆ" ಅಂತ ಎಲ್ಲರೂ ಬೆರಗಾಗ್ತಾರೆ.

ಬೆರಗು ಸರಿ. ಆದರೆ ನಾನು ಯಲಬುರ್ಗಾ ತಾಲ್ಲೂಕಿನ ಹಳ್ಳಿಯವನು. ಆ ಮಾತು ಕೇಳಿದಾಗೆಲ್ಲ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅನ್ನಿಸುತ್ತೆ.

ಈಗಿನ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾಗಿದ್ದು 1997ರಲ್ಲಿ. ಆಗ ಇದ್ದದ್ದು ನಾಲ್ಕು ತಾಲ್ಲೂಕು. ನಿಜಾಮರ ಕಾಲದಲ್ಲಿ ಅದರಲ್ಲಿ ಗಂಗಾವತಿ, ಕುಷ್ಟಗಿ ಬಹುಪಾಲು ಸರ್ಕಾರದ ನೇರ ಆಡಳಿತದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಮಾತ್ರ ಸಾಲಾರ್ ಜಂಗ್ ಮನೆತನದ ಜಾಗೀರು. ಜಾಗೀರು ಅಂದ್ರೆ ಸರಳವಾಗಿ ಇಷ್ಟೇ: ಆ ಊರುಗಳ ಕಂದಾಯ ಸರ್ಕಾರದ ಖಜಾನೆಗೆ ಹೋಗಲ್ಲ, ಜಾಗೀರದಾರರಿಗೆ ಹೋಗುತ್ತೆ. ನಮ್ಮಜ್ಜ ಹಳೇ ಹೊಲದ ಮಾತು ಬಂದಾಗ "ಅದು ಜಾಗೀರಿ ಕಾಲದ್ದಪಾ" ಅಂತಿದ್ದ. ಆ ಜಾಗೀರಿಗೂ ಮ್ಯೂಸಿಯಂಗೂ ಒಂದೇ ಹೆಸರು.

"ಒಬ್ಬನೇ ಮನುಷ್ಯ" ಅನ್ನೋದೂ ಪೂರ್ತಿ ನಿಜ ಅಲ್ಲ, ಮೂರು ತಲೆಮಾರು ಸೇರಿಸಿದ್ದು. ಮೊದಲನೇ ಸಾಲಾರ್ ಜಂಗ್ 1853ರಿಂದ 1883ರವರೆಗೆ ಹೈದರಾಬಾದಿನ ದಿವಾನ. 1876ರಲ್ಲಿ ಯುರೋಪಿಗೆ ಹೋದ. ಬ್ರಿಟಿಷರ ಕೈಸೇರಿದ್ದ ಬೇರಾರ್ ಪ್ರಾಂತ್ಯವನ್ನು ವಾಪಸ್ ಕೇಳೋದು ಅವನ ದೊಡ್ಡ ಆಸೆ. ಆಕ್ಸ್‌ಫರ್ಡ್ ಗೌರವ ಪದವಿ ಕೊಟ್ಟಿತು, ಲಂಡನ್ನಿನಲ್ಲಿ ಸತ್ಕಾರ ಆಯ್ತು. ಬೇರಾರ್ ಸಿಗಲಿಲ್ಲ. ಅದೇ ಪ್ರವಾಸದಲ್ಲಿ ರೋಮಿನಲ್ಲಿ ಬೆನ್‌ಜೋನಿ ಕೆತ್ತಿದ 'ಮುಸುಕಿನ ರೆಬೆಕ್ಕಾ' ಶಿಲ್ಪ ಕೊಂಡ. ಅಮೃತಶಿಲೆಯಲ್ಲಿ ತೆಳು ಬಟ್ಟೆ ಕಾಣುವ ಹಾಗೆ ಕೆತ್ತಿದ ಕೆಲಸ ಅದು, ನಿಂತು ನೋಡಲೇಬೇಕು.

ಅದೇ 1876ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ, ಹಾಗಾಗಿ ಹಳಬರ ಬಾಯಲ್ಲಿ ಅದು ಧಾತು ಬರ. 1878ರವರೆಗೆ ಬಳ್ಳಾರಿ, ರಾಯಚೂರು, ಧಾರವಾಡ ಸೀಮೆಯಲ್ಲಿ ಜನ, ದನ ಸತ್ತರು. ಶಿಲ್ಪ ಕೊಂಡಾಗ ದಿವಾನನಿಗೆ ಬರ ಬರೋದು ಗೊತ್ತಿರಲಿಲ್ಲ, ಅದಕ್ಕೆ ಇದನ್ನು ಅವನ ಮೇಲಿನ ಆರೋಪ ಅಂತ ಹೇಳ್ತಿಲ್ಲ. ಅವನಿಗೆ ಬೇರೆ ಕಡೆಯೂ ಜಾಗೀರಿತ್ತು. ರೆಬೆಕ್ಕಾಗೆ ಕೊಟ್ಟ ದುಡ್ಡು ನಮ್ಮ ಜೋಳದ್ದೇ ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಆದರೆ ಆ ಮನೆಯ ಸಿರಿಯಲ್ಲಿ ನಮ್ಮ ಎರಿ ಹೊಲಗಳ ಪಾಲಿತ್ತು ಅನ್ನೋದು ಮಾತ್ರ ಖಚಿತ.

ಇನ್ನೊಂದು ವಿಷಯ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆ ಹಿಡಿದರು. ಬ್ರಿಟಿಷ್ ಸೈನ್ಯ ಮುತ್ತಿಗೆ ಹಾಕಿತು, ಅಲ್ಲೇ ಪ್ರಾಣ ಬಿಟ್ಟರು. ಆಗ ಹೈದರಾಬಾದಿನ ದಿವಾನನಾಗಿ ಬ್ರಿಟಿಷರ ಪರ ಗಟ್ಟಿಯಾಗಿ ನಿಂತವನು ಇದೇ ಮೊದಲನೇ ಸಾಲಾರ್ ಜಂಗ್. ಇಂಗ್ಲೆಂಡ್ ಅವನನ್ನು ಅಷ್ಟು ಆದರದಿಂದ ಬರಮಾಡಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಸಂಗ್ರಹವನ್ನು ನಿಜಕ್ಕೂ ದೊಡ್ಡದು ಮಾಡಿದವನು ಮೂರನೆಯವನು, ಮೀರ್ ಯೂಸುಫ್ ಅಲಿ ಖಾನ್. ಸುಮಾರು ಎರಡು ವರ್ಷ ದಿವಾನಗಿರಿ ಮಾಡಿ 1914ರಲ್ಲಿ ಬಿಟ್ಟ, ಉಳಿದ ಆಯುಷ್ಯವೆಲ್ಲ ಕೊಳ್ಳೋದರಲ್ಲೇ ಕಳೆದ. ಮದುವೆ ಇಲ್ಲ, ಮಕ್ಕಳಿಲ್ಲ. 1949ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷ ಹೈದರಾಬಾದ್ ಸಂಸ್ಥಾನದ ಜಾಗೀರುಗಳೂ ರದ್ದಾದವು. 1951ರ ಡಿಸೆಂಬರ್‌ನಲ್ಲಿ ನೆಹರು ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಅದನ್ನು ರಾಷ್ಟ್ರದ ಸಂಸ್ಥೆ ಮಾಡಿತು. ಅದು ಒಳ್ಳೇದೇ ಆಯ್ತು. ಹಂಚಿಹೋಗಿ ಹರಾಜಾಗಬಹುದಾಗಿದ್ದ ವಸ್ತುಗಳು ಟಿಕೆಟ್ ತಗೊಂಡ ಯಾರಿಗಾದ್ರೂ ಕಾಣೋ ಹಾಗಾದವು.

ಜಾಗೀರಿನ ಒಳಗೇ ಆಗ ಇನ್ನೊಂದು ಕಲೆ ನಡೀತಿತ್ತು. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮರದ ಪುಡಿ ಮೆತ್ತಿ, ಬಣ್ಣ ಬಳಿದು ಗೊಂಬೆ, ದೇವರ ಮೂರ್ತಿ ಮಾಡ್ತಿದ್ದರು. ಈಗಲೂ ಮಾಡ್ತಾರೆ, ಕೆಲವೇ ಮನೆ ಉಳಿದಿವೆ. ಈ ಗೊಂಬೆಗಳಿಗೆ ಜಿಐ ಟ್ಯಾಗ್ ಇದೆ, ಗಿರಾಕಿ ಕಡಿಮೆ. ಇಂಗ್ಲಿಷ್ ಪಿಂಗಾಣಿಯ ಕೆಳಗೆ ಕಾರ್ಖಾನೆಯ ಮುದ್ರೆ ಇರುತ್ತೆ. ಕಿನ್ನಾಳದ ಹಳೇ ಗೊಂಬೆ ತಿರುಗಿಸಿ ನೋಡಿದರೆ ಮಾಡಿದವನ ಹೆಸರು ಸಿಗೋದು ಅಪರೂಪ.

ನಮ್ಮ ಕೆಲಸದಲ್ಲಿ ಒಂದು ಸಾಲು ಕೋಡ್ ಬದಲಾದರೂ ಯಾರು, ಯಾವಾಗ ಅಂತ ದಾಖಲೆ ಇರುತ್ತೆ. ಮ್ಯೂಸಿಯಂಗೂ ಅಷ್ಟು ಕೇಳೋದು ತಪ್ಪಲ್ಲ ಅನ್ನಿಸುತ್ತೆ. ಯಾವ ವಸ್ತುವನ್ನೂ ಯಾರೂ ವಾಪಸ್ ಕೊಡೋದು ಬೇಡ. ಈ ಮನೆತನದ ಆದಾಯ ಯಾವ್ಯಾವ ಸೀಮೆಯಿಂದ ಬರ್ತಿತ್ತು ಅಂತ ಒಂದು ನಕಾಶೆ, ಅದರಲ್ಲಿ ಕೊಪ್ಪಳ, ಯಲಬುರ್ಗಾ ಅನ್ನೋ ಎರಡು ಚುಕ್ಕಿ ಇದ್ರೆ ಸಾಕು. ಮುಂದಿನ ಸಲ ಹೈದರಾಬಾದಿನಿಂದ ಬೆಂಗಳೂರಿಗೆ ಬರುವಾಗ ಒಂದು ದಿನ ಉಳಿಸಿಕೊಂಡು ಕೊಪ್ಪಳದ ಕಡೆ ಬನ್ನಿ. ಕೋಟೆ ಹತ್ತಿ, ಆಮೇಲೆ ಕಿನ್ನಾಳದಲ್ಲಿ ಒಂದು ಗೊಂಬೆ ತಗೊಳ್ಳಿ. ಮಾಡಿದವರ ಹೆಸರು ಕೇಳೋದು ಮಾತ್ರ ಮರೀಬೇಡಿ.