ಹೊಲದ ಮರ ಯಾರದು?

1935ರಲ್ಲಿ ಫ್ರೆಂಚರು ಪಶ್ಚಿಮ ಆಫ್ರಿಕಾದ ತಮ್ಮ ವಸಾಹತುಗಳಿಗೆ ಒಂದು ಅರಣ್ಯ ಕಾನೂನು ತಂದರು. ಬೆಲೆಬಾಳುವ ಕೆಲವು ಜಾತಿಯ ಮರಗಳು ಎಲ್ಲಿಯೇ ಬೆಳೆದಿರಲಿ, ಕಡಿಯಲು ಸರ್ಕಾರದ ಅನುಮತಿ ಬೇಕು. ಇಲ್ಲದಿದ್ದರೆ ದಂಡ. ಉಳುವವನು ರೈತ, ಆದರೆ ಅವನ ಹೊಲದಲ್ಲೇ ನಿಂತ ಮರದ ಮೇಲೆ ಹಿಡಿತ ಅರಣ್ಯ ಇಲಾಖೆಯದು. 1960ರಲ್ಲಿ ನೈಜರ್ ಸ್ವತಂತ್ರವಾಯಿತು. ಈ ಏರ್ಪಾಡು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಮರ ಉಳಿಸಲೆಂದು ಬಂದ ಕಾನೂನು ಹೊಲಗಳನ್ನು ಬೋಳು ಮಾಡಿತು. ಬೆಳೆದು ದೊಡ್ಡದಾದರೆ ತನ್ನದಾಗದ, ಕಡಿದರೆ ದಂಡ ತರುವ ಗಿಡವನ್ನು ಯಾರು ಸಾಕುತ್ತಾರೆ? ಚಿಗುರಿದಾಗಲೇ ಸವರಿಬಿಡುವುದು ಲೇಸು. ದಕ್ಷಿಣ ನೈಜರಿನ ಮರಾಡಿ ಸೀಮೆಯಲ್ಲಿ ಕಡಲೆಕಾಯಿ ಬೆಳೆ ಹಬ್ಬಿದ್ದು, ಜನ ಹೆಚ್ಚಿದ್ದು, ಸೌದೆಯ ಅಭಾವ ಎಲ್ಲವೂ ಇದಕ್ಕೆ ಸೇರಿದವು. 1970ರ ದಶಕದ ಆರಂಭದ ಭೀಕರ ಬರ ಬಂದಾಗ ಗಾಳಿ ತಡೆಯಲು ಮರಗಳೇ ಇರಲಿಲ್ಲ. ಬಿತ್ತಿದ ಸಜ್ಜೆಯ ಮೊಳಕೆಗಳನ್ನು ಮರಳು ಮುಚ್ಚಿ ಹಾಕುತ್ತಿತ್ತು, ರೈತರು ಮತ್ತೆ ಮತ್ತೆ ಬಿತ್ತಬೇಕಾಗುತ್ತಿತ್ತು.

ಆಮೇಲೆ ಸಸಿ ನೆಡುವ ಯೋಜನೆಗಳು ಬಂದವು. ನೆಟ್ಟವುಗಳಲ್ಲಿ ಬಹುಪಾಲು ಒಣಗಿದವು. ಅಂಥ ಒಂದು ಯೋಜನೆ ನಡೆಸುತ್ತಿದ್ದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ 1983ರಲ್ಲಿ ದಾರಿಬದಿಯ ಪೊದೆಯೊಂದನ್ನು ಹತ್ತಿರ ಹೋಗಿ ನೋಡಿದರು. ಅದು ಪೊದೆಯಾಗಿರಲಿಲ್ಲ, ಹಿಂದೆಂದೋ ಕಡಿದ ಮರದ ಬುಡದಿಂದ ಹೊಡೆದ ಚಿಗುರು. ಬೋಳು ಎಂದುಕೊಂಡಿದ್ದ ಹೊಲಗಳ ಅಡಿಯಲ್ಲಿ ಜೀವಂತ ಬೇರುಗಳಿದ್ದವು. ನರ್ಸರಿಯ ಸಸಿಗಿಲ್ಲದ ಆಳ ಆ ಬೇರುಗಳಿಗೆ ಆಗಲೇ ಇತ್ತು.

ವಿಧಾನ ಸರಳ. ಬುಡಕ್ಕೆ ಕೆಲವು ಗಟ್ಟಿ ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ತೆಗೆಯುವುದು, ಉಳಿದವನ್ನು ಆಗಾಗ ಸವರುವುದು, ನಡುವೆ ಸಜ್ಜೆ, ಜೋಳ ಬಿತ್ತುವುದು. ಹಳೆಯ ತಲೆಮಾರಿನ ರೈತರಿಗೆ ಇದು ಗೊತ್ತಿಲ್ಲದ್ದೇನಲ್ಲ. ಫ್ರೆಂಚಿನಲ್ಲಿ ಇದಕ್ಕೆ ಬಿದ್ದ ಒಂದು ಹೆಸರನ್ನು ಕನ್ನಡಕ್ಕೆ ತಂದರೆ ‘ಸುಧಾರಿತ ತೆರವು’ ಎಂದಾಗುತ್ತದೆ. ಭಾಷೆಯ ಕೆಲಸ ಮಾಡುವ ನನಗೆ ಈ ಹೆಸರು ಬಹಳ ಹಿಡಿಸಿತು. ಅದರಲ್ಲಿ ‘ಅರಣ್ಯ’ವೂ ಇಲ್ಲ, ‘ನೆಡುವಿಕೆ’ಯೂ ಇಲ್ಲ. ರೈತ ಪ್ರತಿ ವರ್ಷ ಮಾಡುವ ಹೊಲ ಸವರುವ ಕೆಲಸವೇ ಇದೆ, ಸ್ವಲ್ಪ ಬೇರೆ ರೀತಿಯಲ್ಲಿ.

ಆ ಸೀಮೆಯ ಹೌಸಾ ಭಾಷೆಯಲ್ಲಿ ‘ಗಾವೊ’ ಎನ್ನುವ ಮರವೊಂದಿದೆ. ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗುವ ವಿಚಿತ್ರ ಮರ. ಹಾಗಾಗಿ ಬೆಳೆ ನಿಂತಿರುವಾಗ ಅದರ ಬಿಸಿಲನ್ನು ಕಸಿಯುವುದಿಲ್ಲ. ಉದುರಿದ ಎಲೆ ಗೊಬ್ಬರ, ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕಾಯಿ ದನಕ್ಕೆ ಮೇವು. ಇನ್ನು ಇಂಗಾಲ: ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಅದೇ. ಸವರಿದ ಕೊಂಬೆ ಒಲೆಗೆ ಹೋದರೆ ಅದರ ಇಂಗಾಲ ಗಾಳಿಗೆ ಮರಳುತ್ತದೆ, ನಿಜ. ಆದರೆ ಕಾಂಡ ದಪ್ಪವಾಗುತ್ತಾ, ಬೇರು ಇಳಿಯುತ್ತಾ, ಮಣ್ಣಿಗೆ ಸಾವಯವ ವಸ್ತು ಸೇರುತ್ತಾ ಹೋದಂತೆ ಉಳಿತಾಯವೂ ಬೆಳೆಯುತ್ತದೆ. ಒಂದು ಹೆಕ್ಟೇರಿನ ಲೆಕ್ಕ ದಟ್ಟ ಕಾಡಿನ ಹತ್ತಿರಕ್ಕೂ ಬರುವುದಿಲ್ಲ. ಇಲ್ಲಿ ಮುಖ್ಯವಾದದ್ದು ಹರವು.

ಆ ಹರವು ಬಂದದ್ದು ಕಾನೂನಿನ ಹಗ್ಗ ಸಡಿಲಿಸಿದ ಮೇಲೆ. ಮರಾಡಿಯ ಸ್ಥಳೀಯ ಅರಣ್ಯಾಧಿಕಾರಿಗಳು ರೈತರು ತಾವು ಬೆಳೆಸಿದ ಮರವನ್ನು ಸವರಲು, ಮಾರಲು ಅಡ್ಡಿ ಮಾಡುವುದಿಲ್ಲ ಎಂದು ಒಪ್ಪಿದರು. ಬರಹದಲ್ಲಿ ಕಾನೂನು ಬದಲಾಗುವ ಮೊದಲೇ ನಡವಳಿಕೆ ಬದಲಾಯಿತು. ಎರಡು ದಶಕಗಳ ನಂತರ ಕ್ರಿಸ್ ರೈ ಮತ್ತು ಗ್ರೇ ಟ್ಯಾಪನ್ ಹೊಲಗಳಲ್ಲಿ ಓಡಾಡಿ, ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಮರ ಮರಳಿದ ಸಾಗುವಳಿ ಭೂಮಿ ಸುಮಾರು 50 ಲಕ್ಷ ಹೆಕ್ಟೇರ್ ಎಂಬ ಅಂದಾಜು ಸಿಕ್ಕಿತು. ರೈತರು ಇದನ್ನು ಇಂಗಾಲಕ್ಕಾಗಿ ಮಾಡಲಿಲ್ಲ. ಸೌದೆ, ಮೇವು, ಗಾಳಿಗೆ ತಡೆ, ಬರದ ವರ್ಷ ಮಾರಲು ನಾಲ್ಕು ಕೊಂಬೆ ಅವರಿಗೆ ಬೇಕಿತ್ತು. ಇಂಗಾಲ ಜೊತೆಗೆ ಬಂತು.

ಕನ್ನಡಿಗರಿಗೆ ಈ ಕಥೆ ಹೊಸದೆನಿಸಬಾರದು. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸರು ಹೋದರೂ ಒಡೆತನ ಸರ್ಕಾರದ್ದೇ ಆಗಿ ಉಳಿಯಿತು. ಸ್ವಂತ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ಮನೆಯವರಿಗೆ ಭಾಗ್ಯವಾಗಿರದೆ ತಲೆನೋವಾಗಿತ್ತು. 2001ರ ತಿದ್ದುಪಡಿಯ ನಂತರವಷ್ಟೇ ಕರ್ನಾಟಕದಲ್ಲಿ ಜಮೀನಿನ ಒಡೆಯ ಗಂಧದ ಮರಕ್ಕೂ ಒಡೆಯನಾದ. ಬೇರೆ ಗಿಡಗಳ ಬೇರಿನಿಂದ ಆಹಾರ ಹೀರುವ ಮರವಾದ್ದರಿಂದ ಗಂಧವನ್ನು ಒಂಟಿಯಾಗಿ ಬೆಳೆಯಲಾಗದು. ಜೊತೆಗಿಡ ಬೇಕೇ ಬೇಕು, ಮಿಶ್ರ ಬೇಸಾಯ ಅದರ ಗುಣದಲ್ಲೇ ಇದೆ. ಅಂಥ ಮರ ರೈತರ ಹೊಲದಿಂದ ಇನ್ನೂರು ವರ್ಷ ದೂರವಿತ್ತು.

2014ರಲ್ಲಿ ಭಾರತ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿತು. ಮರ ಕಡಿಯಲು, ಸಾಗಿಸಲು ಬೇಕಾದ ಪರವಾನಗಿಗಳೇ ರೈತರನ್ನು ಹಿಂಜರಿಸುತ್ತಿವೆ ಎಂದು ಅದು ಗುರುತಿಸಿದೆ. ಈಗ ಇಂಗಾಲವೂ ಮಾರಾಟದ ಸರಕು. ಊರಲ್ಲಿ ಜಮೀನಿಟ್ಟುಕೊಂಡು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಮ್ಮಂಥವರ ಮನೆಗಳಿಗೂ ನಾಳೆ ಒಂದು ಒಪ್ಪಂದಪತ್ರ ಬರಬಹುದು. ಮರ ಎಷ್ಟು ವರ್ಷ ನಿಲ್ಲಬೇಕು, ಕೊಂಬೆ ಯಾರು ಸವರಬಹುದು, ಹಣ ಯಾರಿಗೆ, ಮರ ಒಣಗಿದರೆ ಹೊಣೆ ಯಾರದು ಎಂಬುದನ್ನು ಅದರಲ್ಲಿ ಮೊದಲು ಹುಡುಕಿ. ಆಮೇಲೆ ಸಹಿ.